ಏಳು ಸೀಟಿನ ಕಾರಿನಲ್ಲಿ ಅಜ್ಜಿಗೆ ಯಾವ ಸೀಟು?

ಕೆಲವು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ಅರವತ್ತಾರು ವರ್ಷದ ತಾಯಿಯೊಬ್ಬರು ಮಗನ ಹೆಗಲು ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಅವರ ಎಡಗಾಲು ಮಂಡಿಯಿಂದ ಕೆಳಗೆ ಊದಿಕೊಂಡಿತ್ತು. ಮೀನಖಂಡವನ್ನು ಮುಟ್ಟಿದರೆ ನೋವು. ಬಲಗಾಲು ಸರಿಯಾಗಿಯೇ ಇತ್ತು. "ಎರಡು ದಿನದಿಂದ ಹೀಗಿದೆ ಡಾಕ್ಟ್ರೇ. ಸೊಸೆ ರಾತ್ರಿ ಎಣ್ಣೆ ಹಚ್ಚಿ ನೀವಿದಳು, ಆದರೂ ಇಳಿಯಲಿಲ್ಲ" ಎಂದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಮನೆಗೆ ಹೊಸದಾಗಿ ಏಳು ಸೀಟಿನ ಕಾರು ಬಂದಿತ್ತು. ಪೂಜೆ ಮಾಡಿಸಿ, ಮನೆಯ ಏಳೂ ಜನ ಧರ್ಮಸ್ಥಳಕ್ಕೂ ಸುಬ್ರಹ್ಮಣ್ಯಕ್ಕೂ ಹೋಗಿ ಬಂದಿದ್ದರು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್. ಹೋಗುವಾಗಲೂ ಬರುವಾಗಲೂ ಈ ತಾಯಿ ಕೊನೆಯ ಸಾಲಿನ ಮೂಲೆಯ ಸೀಟಿನಲ್ಲೇ ಕುಳಿತಿದ್ದರು. "ಅಮ್ಮ ಗಿಡ್ಡ ಅಲ್ಲವೇ ಸಾರ್, ಹಿಂದೆ ಅವರಿಗೆ ಆರಾಮಾಗುತ್ತೆ ಅಂದುಕೊಂಡೆವು" ಎಂದ ಮಗ. ತಾಯಿ ತಡೆದರು: "ಅವನದೇನೂ ತಪ್ಪಿಲ್ಲ. ನಾನೇ ಹಿಂದೆ ಹೋದೆ. ಮಕ್ಕಳಿಗೆ ಕಾಲು ಚಾಚೋಕೆ ಆಗಲ್ಲ ಅಲ್ಲಿ." ದಾರಿಯಲ್ಲಿ ಪದೇ ಪದೇ ಇಳಿಯಬೇಕಾದೀತೆಂದು ಅವರು ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ.

ಕಾಲಿನ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ತಕ್ಷಣ ಆಸ್ಪತ್ರೆಗೆ ಕಳುಹಿಸಿದೆ. ಸಮಯಕ್ಕೆ ಚಿಕಿತ್ಸೆ ಸಿಕ್ಕಿ ಅವರು ಗುಣಮುಖರಾದರು. ಆದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಈ ಲೇಖನವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಕಾರೇ ಇದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಅವರ ವಯಸ್ಸು, ಮೈತೂಕ, ಕಾಲಿನಲ್ಲಿ ಮೊದಲೇ ಉಬ್ಬಿದ್ದ ನರಗಳು ಎಲ್ಲವೂ ಸೇರಿಕೊಂಡಿದ್ದವು. ಆದರೆ ಮನೆಯಲ್ಲಿ ಯಾರಿಗೆ ಹೆಚ್ಚು ಜಾಗ ಬೇಕಿತ್ತೋ ಅವರಿಗೇ ಅತ್ಯಂತ ಕಡಿಮೆ ಜಾಗ ಸಿಕ್ಕಿತ್ತು. ಇದು ಒಂದು ಮನೆಯ ಕಥೆಯಲ್ಲ. ಆದ್ದರಿಂದ ಈ ವಾರ ಮೂರು ಸಾಲಿನ ಕಾರುಗಳ ಸೀಟನ್ನು ವೈದ್ಯನ ಕಣ್ಣಿನಿಂದ ನೋಡೋಣ.

ಸೀಟು ಏಳು, ಜಾಗ ಎಷ್ಟು?

ನಮ್ಮಲ್ಲಿ ಕುಟುಂಬವೆಲ್ಲ ಒಟ್ಟಿಗೆ ಪ್ರಯಾಣ ಮಾಡುವ ಆಸೆ ಹಳೆಯದು. 1994ರಲ್ಲಿ ಟಾಟಾ ಸುಮೋ ಬಂತು. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಬಂತು, 2005ರಲ್ಲಿ ಅದರ ಜಾಗಕ್ಕೆ ಇನೋವಾ ಬಂತು. ಮಹೀಂದ್ರಾ ಸ್ಕಾರ್ಪಿಯೋ 2002ರದು, ಮಾರುತಿ ಎರ್ಟಿಗಾ 2012ರದು. ಈಚಿನ ವರ್ಷಗಳಲ್ಲಿ ಎತ್ತರದ, ದಪ್ಪ ಚಕ್ರದ ಎಸ್‌ಯುವಿಗಳಲ್ಲೂ ಮೂರನೇ ಸಾಲನ್ನು ಕೊಡುತ್ತಿದ್ದಾರೆ.

ಏಳು ಸೀಟು ಎಂದರೆ ಏಳು ಬೆಲ್ಟು ಎಂದರ್ಥವೇ ಹೊರತು ಏಳು ವಯಸ್ಕರು ಎಂಟು ಗಂಟೆ ಕುಳಿತುಕೊಳ್ಳಬಹುದು ಎಂದಲ್ಲ. ಕಾರು ಹೊರಗಿನಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದಕ್ಕೂ ಒಳಗಿನ ಜಾಗಕ್ಕೂ ನೇರ ಸಂಬಂಧವಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಈಗಿನ ಟಾಟಾ ಸಫಾರಿಯ ಉದ್ದ ಸುಮಾರು 4.67 ಮೀಟರ್, ಎರ್ಟಿಗಾದ್ದು ಸುಮಾರು 4.4 ಮೀಟರ್. ವ್ಯತ್ಯಾಸ ಹತ್ತಿರ ಹತ್ತಿರ ಕಾಲು ಮೀಟರ್. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಸಫಾರಿಯಲ್ಲಿ 2741 ಮಿಲಿಮೀಟರ್, ಎರ್ಟಿಗಾದಲ್ಲಿ 2740 ಮಿಲಿಮೀಟರ್. ಒಂದೇ ಮಿಲಿಮೀಟರ್ ವ್ಯತ್ಯಾಸ! ಜನ ಕುಳಿತುಕೊಳ್ಳುವುದು ಬಹುಪಾಲು ಈ ಎರಡು ಚಕ್ರಗಳ ನಡುವಿನ ಜಾಗದಲ್ಲಿ. ಬಾನೆಟ್ಟಿನ ಉದ್ದ ಯಾರ ಕಾಲಿಗೂ ಉಪಯೋಗಕ್ಕೆ ಬರುವುದಿಲ್ಲ.

ಒಳ್ಳೆಯ ಸೀಟು ಎಂದರೇನು?

ನಿಮ್ಮ ಮನೆಯ ಊಟದ ಕುರ್ಚಿಯ ಮೇಲೆ ಕುಳಿತು ನೋಡಿ. ಪಾದ ನೆಲದ ಮೇಲೆ ಪೂರ್ತಿ ಊರಿರುತ್ತದೆ. ತೊಡೆ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಮಂಡಿ ಸೊಂಟದ ಮಟ್ಟದಲ್ಲಿರುತ್ತದೆ. ಈಗ ಅಡುಗೆಮನೆಯ ಮಣೆಯ ಮೇಲೆ ಕುಳಿತು ನೋಡಿ. ಮಂಡಿ ಎದೆಯ ಕಡೆ ಏರುತ್ತದೆ, ಸೊಂಟ ಹಿಂದಕ್ಕೆ ಮಗುಚಿ ಬೆನ್ನು ಗೂನಾಗುತ್ತದೆ. ಅನೇಕ ಕಾರುಗಳ ಮೂರನೇ ಸಾಲು ಈ ಮಣೆಯಂತೆಯೇ ಇರುತ್ತದೆ. ಸೀಟು ನೆಲಕ್ಕೆ ತೀರ ಹತ್ತಿರ, ತೊಡೆಗೆ ಆಧಾರವಿಲ್ಲ.

ಇದರಿಂದ ಆಗುವ ತೊಂದರೆ ಏನು? ನಮ್ಮ ಸೊಂಟದ ಬೆನ್ನೆಲುಬಿಗೆ ಸಹಜವಾಗಿ ಒಳಮುಖದ ಒಂದು ಬಾಗು ಇದೆ. ಮಂಡಿ ಮೇಲೇರಿದಾಗ ಆ ಬಾಗು ಚಪ್ಪಟೆಯಾಗುತ್ತದೆ. ಕಶೇರುಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್ ಮೇಲೆ ಒತ್ತಡ ಹೆಚ್ಚುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲೇ ಈ ಒತ್ತಡವನ್ನು ಅಳೆದು ತೋರಿಸಿದ್ದರು. ಮುಂದಕ್ಕೆ ಬಾಗಿ ಕುಳಿತರೆ ಒತ್ತಡ ಏರುತ್ತದೆ, ಬೆನ್ನಿಗೆ ಆಧಾರ ಕೊಟ್ಟು ಸ್ವಲ್ಪ ಹಿಂದಕ್ಕೆ ಒರಗಿದರೆ ಇಳಿಯುತ್ತದೆ. ಇನ್ನೊಂದು ಮಾತು, ಕುಳಿತ ಮನುಷ್ಯನ ದೇಹ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಆಗುವ ಕುಲುಕಾಟಕ್ಕೆ ಹೆಚ್ಚು ಸ್ಪಂದಿಸುತ್ತದೆ. ಕೊನೆಯ ಸಾಲು ಹಿಂದಿನ ಚಕ್ರಗಳ ಮೇಲೆಯೇ ಇರುವುದರಿಂದ ರಸ್ತೆಯ ಪ್ರತಿ ಗುಂಡಿಯೂ, ಪ್ರತಿ ಹಂಪೂ ಮೊದಲು ಅಲ್ಲಿಗೇ ತಲುಪುತ್ತದೆ. ಡಿಸ್ಕ್ ತೊಂದರೆ, ಸಯಾಟಿಕಾ ಇರುವವರನ್ನು ಅಲ್ಲಿ ಕೂರಿಸುವುದು ನೋವನ್ನು ಕರೆದು ತಂದಂತೆ.

ಮೂರು ಬಗೆಯ ಕಾರು

ಮಾರುಕಟ್ಟೆಯಲ್ಲಿ ಹೆಸರುಗಳು ಬಹಳ. ಆದರೆ ಕುಳಿತುಕೊಳ್ಳುವವರ ದೃಷ್ಟಿಯಿಂದ ಇವನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ವ್ಯಾನಿನ ಜಾತಿ: ಇನೋವಾ, ಎರ್ಟಿಗಾ, ಕಿಯಾ ಕಾರೆನ್ಸ್ ಇತ್ಯಾದಿ. ಇವನ್ನು ಎಂಪಿವಿ ಎನ್ನುತ್ತಾರೆ. ಮೂರನೇ ಸಾಲಿನಲ್ಲಿ ಜನ ಕುಳಿತುಕೊಳ್ಳುತ್ತಾರೆ ಎಂದೇ ಲೆಕ್ಕ ಹಾಕಿ ಕಟ್ಟಿದ ಕಾರುಗಳು ಇವು. ಇನೋವಾ ಹೈಕ್ರಾಸ್‌ನ ವೀಲ್‌ಬೇಸ್ 2850 ಮಿಲಿಮೀಟರ್. ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೇ ಹೋಗುವುದರಿಂದ ಒಳಗಿನ ನೆಲ ತಗ್ಗಾಗಿ, ಸಮತಟ್ಟಾಗಿದೆ. ಇನೋವಾ, ಎರ್ಟಿಗಾ ಎರಡರಲ್ಲೂ ನಡುವಿನ ಸೀಟನ್ನು ಹಿಂದೆ ಮುಂದೆ ಜರುಗಿಸಿ ಜಾಗ ಹಂಚಿಕೊಳ್ಳಬಹುದು. ಸಣ್ಣ ಕಾರಾದ ಎರ್ಟಿಗಾದಲ್ಲಿ ಮೂರನೇ ಸಾಲು ಮಧ್ಯಮ ಎತ್ತರದವರಿಗೆ ಸಾಕು, ಎತ್ತರದವರಿಗೆ ಇಕ್ಕಟ್ಟು.

ಎರಡನೆಯದು ಸಫಾರಿ, ಎಕ್ಸ್‌ಯುವಿ 700ನಂಥ ಎಸ್‌ಯುವಿಗಳು. ಮುಂದಿನ ಎರಡು ಸಾಲು ವಿಶಾಲ, ಕುಲುಕಾಟವೂ ಹಿತಮಿತ. ಆದರೆ ಮೂರನೇ ಸಾಲಿನಲ್ಲಿ ಸೀಟಿಗೂ ನೆಲಕ್ಕೂ ಅಂತರ ಕಡಿಮೆ, ಮಂಡಿ ಮೇಲೇರುತ್ತದೆ. ಮಕ್ಕಳಿಗೆ ಸರಿ, ಊರೊಳಗಿನ ಓಡಾಟಕ್ಕೆ ದೊಡ್ಡವರಿಗೂ ಸರಿ. ದೂರದ ಪ್ರಯಾಣಕ್ಕೆ ಹಿರಿಯರಿಗೆ ಸಲ್ಲದು.

ಮೂರನೆಯದು ಲಾರಿಯಂತೆ ಪ್ರತ್ಯೇಕ ಚೌಕಟ್ಟಿನ ಮೇಲೆ ಕಟ್ಟಿದ ಎಸ್‌ಯುವಿಗಳು: ಸ್ಕಾರ್ಪಿಯೋ ಎನ್, ಫಾರ್ಚುನರ್ ಇತ್ಯಾದಿ. ಕೆಟ್ಟ ರಸ್ತೆಗೆ ಗಟ್ಟಿ. ಆದರೆ ಚೌಕಟ್ಟಿನ ಮೇಲೆ ನೆಲ ಕೂರುವುದರಿಂದ ಒಳನೆಲ ಎತ್ತರ, ಹಿಂದಿನ ಸಾಲಿನಲ್ಲಿ ಕಾಲಿಗೆ ಉಳಿಯುವ ಆಳ ಕಡಿಮೆ. ಹತ್ತುವುದೂ ಕಷ್ಟ. ಇನೋವಾ ಕ್ರಿಸ್ಟಾ ಕೂಡ ಚೌಕಟ್ಟಿನ ಕಾರೇ, ಆದರೆ ಮೈಕಟ್ಟು ವ್ಯಾನಿನದಾದ್ದರಿಂದ ಒಳಗಿನ ಜಾಗ ಚೆನ್ನಾಗಿದೆ.

ಯಾವುದು ಒಳ್ಳೆಯ ಕಾರು ಎಂದು ಹೇಳುವುದು ನನ್ನ ಕೆಲಸವಲ್ಲ. ವರ್ಷದಲ್ಲಿ ಎರಡು ಸಲ ಮಾತ್ರ ಏಳು ಜನ ಹೋಗುವ ಮನೆಗೂ, ವಾರವಾರವೂ ಅಪ್ಪ ಅಮ್ಮನನ್ನು ಊರಿಗೆ ಕರೆದೊಯ್ಯುವ ಮನೆಗೂ ಬೇಕಾದ ಕಾರು ಬೇರೆ ಬೇರೆ.

ಹತ್ತುವುದೇ ಒಂದು ಪರೀಕ್ಷೆ

ಮಂಡಿ ಸವೆತ ಇರುವವರಿಗೆ ಕುಳಿತುಕೊಳ್ಳುವುದಕ್ಕಿಂತ ಹತ್ತಿ ಇಳಿಯುವುದು ಕಷ್ಟ. ಮೂರನೇ ಸಾಲಿಗೆ ಹೋಗಬೇಕಾದರೆ ಮೊದಲು ಎತ್ತರಕ್ಕೆ ಕಾಲಿಡಬೇಕು, ನಡುವಿನ ಸೀಟು ಮಡಿಸಿದ ಕಿರುದಾರಿಯಲ್ಲಿ ಸೊಂಟ ಬಗ್ಗಿಸಿ ನುಸುಳಬೇಕು, ಆಮೇಲೆ ಅರ್ಧ ತಿರುಗಿ ಕೂರಬೇಕು. ಮಂಡಿಯನ್ನು ಬಗ್ಗಿಸಿದ ಸ್ಥಿತಿಯಲ್ಲಿ ತಿರುಚುವ ಈ ಚಲನೆ ಸವೆದ ಮಂಡಿಗೆ ಶತ್ರು. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು ಮೂರನೇ ಸಾಲಿಗೆ ಹೋಗಲೇಬಾರದು.

ಹಿರಿಯರು ನಡುವಿನ ಸಾಲಿಗೆ ಹತ್ತುವಾಗಲೂ ಒಂದು ಕ್ರಮವಿದೆ. ಮೊದಲು ಸೀಟಿಗೆ ಬೆನ್ನು ಮಾಡಿ ನಿಂತು ಅಂಚಿನ ಮೇಲೆ ಕುಳಿತುಕೊಳ್ಳಲಿ. ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಲಿ. ಕಾರು ತೀರ ಎತ್ತರವಿದ್ದರೆ ಫುಟ್‌ಬೋರ್ಡ್ ಹಾಕಿಸಿ. ಇಲ್ಲವೇ ಒಂದು ಗಟ್ಟಿ ಮಣೆ ಜೊತೆಗಿರಲಿ.

ಕಾಲಿನ ರಕ್ತ ನಿಂತರೆ

ಕಾಲಿನ ರಕ್ತ ಮೇಲಕ್ಕೆ ಹೃದಯದತ್ತ ಹೋಗಬೇಕಾದರೆ ಮೀನಖಂಡದ ಸ್ನಾಯುಗಳು ಹಿಂಡಬೇಕು. ನಡೆಯುವಾಗ ಈ ಕೆಲಸ ತಾನಾಗಿ ನಡೆಯುತ್ತದೆ. ಮಂಡಿ ಮಡಿಸಿಕೊಂಡು, ಅಲುಗಾಡದೆ ಗಂಟೆಗಟ್ಟಲೆ ಕುಳಿತರೆ ರಕ್ತದ ಹರಿವು ನಿಧಾನವಾಗುತ್ತದೆ. ನೀರು ಕುಡಿಯದಿದ್ದರೆ ಇನ್ನೂ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಪ್ರಯಾಣ ಮಾಡಿದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನವೇ ಆಗಬೇಕೆಂದಿಲ್ಲ, ಕಾರು, ಬಸ್ಸು, ರೈಲಿಗೂ ಇದು ಅನ್ವಯಿಸುತ್ತದೆ.

ಹೆದರಬೇಡಿ. ಎರಡು ಪಟ್ಟಾದರೂ ಇದು ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ ಆಗುವಂಥದು ಎಂದು ಅದೇ ವರದಿ ಹೇಳುತ್ತದೆ. ಆದರೆ ಸ್ಥೂಲಕಾಯದವರು, ಗರ್ಭಿಣಿಯರು ಮತ್ತು ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು, ಹಿಂದೊಮ್ಮೆ ಹೀಗೆ ಹೆಪ್ಪುಗಟ್ಟಿದ್ದವರು ಜಾಗ್ರತೆ ವಹಿಸಬೇಕು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆದಾಡಿ. ಕುಳಿತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು ಇಪ್ಪತ್ತಿಪ್ಪತ್ತು ಸಲ ಮಾಡಿ. ಗಮನಿಸಿ, ಇದನ್ನು ಮಾಡಲು ಪಾದಕ್ಕೆ ಜಾಗ ಬೇಕು. ಮುಂದಿನ ಸೀಟಿನ ಕೆಳಗೆ ಪಾದ ತೂರದ ಸೀಟಿನಲ್ಲಿ ಈ ವ್ಯಾಯಾಮ ಸಾಧ್ಯವಿಲ್ಲ.

ಪ್ರಯಾಣದ ನಂತರ ಎರಡೂ ಕಾಲು ಸ್ವಲ್ಪ ಊದಿದ್ದರೆ ರಾತ್ರಿ ಕಾಲು ಎತ್ತರದಲ್ಲಿಟ್ಟು ಮಲಗಿದಾಗ ಇಳಿಯುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮಾತ್ರ ಎಣ್ಣೆ ಹಚ್ಚಿ ನೀವಬೇಡಿ. ನೀವಿದರೆ ಹೆಪ್ಪು ಕಿತ್ತುಕೊಳ್ಳಬಹುದು. ಅಂದೇ ವೈದ್ಯರಿಗೆ ತೋರಿಸಿ. ಅದರ ಜೊತೆಗೆ ಉಸಿರುಗಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಧಾವಿಸಿ.

ಘಾಟಿಯಲ್ಲಿ ವಾಂತಿ

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಕಾರು ನಿಲ್ಲಿಸಿ ಮಗುವಿನ ತಲೆ ಹಿಡಿದುಕೊಂಡು ನಿಂತ ಅಮ್ಮಂದಿರನ್ನು ಯಾರು ನೋಡಿಲ್ಲ? ನಮ್ಮ ಒಳಕಿವಿ ಚಲನೆಯನ್ನು ಗುರುತಿಸುತ್ತದೆ. ಕಣ್ಣು ಮಾತ್ರ ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತ 'ಏನೂ ಅಲುಗಾಡುತ್ತಿಲ್ಲ' ಎನ್ನುತ್ತದೆ. ಈ ಎರಡು ವರದಿಗಳ ಜಗಳವೇ ಓಕರಿಕೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು.

ಮೂರನೇ ಸಾಲಿನಲ್ಲಿ ಕಿಟಕಿ ಚಿಕ್ಕದು, ಅದನ್ನು ಇಳಿಸಲು ಬರುವುದಿಲ್ಲ, ಮುಂದಿನ ರಸ್ತೆ ಕಾಣುವುದಿಲ್ಲ, ತಿರುವಿನಲ್ಲಿ ಹಿಂಬದಿ ಹೆಚ್ಚು ಓಲಾಡುತ್ತದೆ. ವಾಂತಿಗೆ ಬೇಕಾದ ಎಲ್ಲ ಅನುಕೂಲವೂ ಅಲ್ಲಿದೆ! 'ಮಕ್ಕಳು ಹಿಂದೆ ಕೂರಲಿ' ಎನ್ನುವ ಮನೆಗಳು ಇದನ್ನು ನೆನಪಿಡಬೇಕು. ವಾಂತಿಯಾಗುವ ಮಗುವನ್ನು ಘಾಟಿ ಬರುವ ಮೊದಲೇ ನಡುವಿನ ಸಾಲಿಗೆ ತನ್ನಿ. ದೂರದ ಬೆಟ್ಟವನ್ನು ನೋಡಲು ಹೇಳಿ, ಮೊಬೈಲ್ ಕಿತ್ತಿಡಿ. ಹೊರಡುವ ಮುಂಚೆ ಹೊಟ್ಟೆ ತುಂಬ ಪೂರಿ ಸಾಗು ಬೇಡ. ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವುದಕ್ಕೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತದೆ. ಈ ಮಾತ್ರೆಗಳಲ್ಲಿ ಅನೇಕವು ನಿದ್ದೆ ತರಿಸುತ್ತವೆ, ಆದ್ದರಿಂದ ಕಾರು ಓಡಿಸುವವರು ನುಂಗಬಾರದು.

ಬೆಲ್ಟು, ತಲೆದಿಂಬು, ಮಡಿಲ ಮಗು

ಹಿಂದೆ ಕುಳಿತವರಿಗೆ ಬೆಲ್ಟ್ ಬೇಡ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿದ್ದವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದ್ದರು. ಬೆಲ್ಟ್ ಧರಿಸದಿದ್ದರೆ 1000 ರೂಪಾಯಿ ದಂಡವಿದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಬಳಸದಿದ್ದರೂ ಅಷ್ಟೇ ದಂಡ. ಆದರೆ ದಂಡದ ಲೆಕ್ಕಕ್ಕಿಂತ ಇನ್ನೊಂದು ಲೆಕ್ಕ ಕೇಳಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಗುದ್ದುವುದೂ, ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ಮೇಲಿಂದ ಬೀಳುವುದೂ ಒಂದೇ. ಆ ಕ್ಷಣದಲ್ಲಿ ಮಡಿಲಲ್ಲಿರುವ ಮಗುವನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಎಳೆಮಗುವಿನ ಸೀಟು ಹಿಮ್ಮುಖವಾಗಿ ನಡುವಿನ ಸಾಲಿನಲ್ಲಿರಲಿ. ಮುಂದೆ, ಏರ್‌ಬ್ಯಾಗಿನ ಎದುರು, ಖಂಡಿತ ಬೇಡ. ಗರ್ಭಿಣಿಯರು ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಸಂದಿಗೆ ತಾಗುವಂತೆ ಹಾಕಿಕೊಳ್ಳಬೇಕು.

ಹಳೆಯ ಜೀಪು, ಸುಮೋಗಳಲ್ಲಿ ಎದುರುಬದುರಾಗಿ ಅಡ್ಡ ಕೂರುವ ಸೀಟುಗಳಿದ್ದವು. ಕಾಲಿಗೆ ಜಾಗ ಹೆಚ್ಚೆಂದು ಕೆಲವರಿಗೆ ಇಂದಿಗೂ ಅವು ಇಷ್ಟ. ಆದರೆ ಗುದ್ದಿದಾಗ ಕುತ್ತಿಗೆ ಪಕ್ಕಕ್ಕೆ ತಿರುಚುತ್ತದೆ, ಹೆಗಲ ಮೇಲಿನ ಬೆಲ್ಟೂ ಅಲ್ಲಿ ಇರುವುದಿಲ್ಲ. ಮಕ್ಕಳನ್ನು ಅಲ್ಲಿ ಕೂರಿಸಬೇಡಿ.

ಮೂರನೇ ಸಾಲಿನ ತಲೆದಿಂಬನ್ನು ಸಾಮಾನ್ಯವಾಗಿ ಕೆಳಗೆ ಒತ್ತಿರುತ್ತಾರೆ, ಹಿಂದಿನ ಗಾಜು ಕಾಣಲೆಂದು. ಅಲ್ಲಿ ಯಾರಾದರೂ ಕೂತರೆ ಅದನ್ನು ಮೇಲಕ್ಕೆಳೆಯಿರಿ. ದಿಂಬು ತಲೆಯ ಹಿಂಭಾಗಕ್ಕೆ ಬರಬೇಕು, ಕುತ್ತಿಗೆಗಲ್ಲ.

ಗಾಳಿಯ ವಿಷಯವೂ ಮುಖ್ಯ. ಏಳು ಜನ ಕೂತು, ಹೊರಗಾಳಿ ಮುಚ್ಚಿ ಎ.ಸಿ. ಹಾಕಿಕೊಂಡರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ತಲೆಭಾರ, ತೂಕಡಿಕೆ ಬರುತ್ತದೆ, ಚಾಲಕನಿಗೂ ಬರುತ್ತದೆ. ಆಗಾಗ ಹೊರಗಾಳಿಯ ಗುಂಡಿ ಒತ್ತಿ. ಮೂರನೇ ಸಾಲಿಗೆ ಪ್ರತ್ಯೇಕ ಗಾಳಿಕಿಂಡಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿ.

ಶೋರೂಮಿನಲ್ಲಿ ಅರ್ಧ ಗಂಟೆ

ಕಾರು ನೋಡಲು ಹೋಗುವಾಗ ಮನೆಯ ಎಲ್ಲರನ್ನೂ ಕರೆದುಕೊಂಡು ಹೋಗಿ, ಅಜ್ಜ ಅಜ್ಜಿಯನ್ನು ಮೊದಲು. ಕಾರಿನ ಬಣ್ಣ, ತೆರೆದುಕೊಳ್ಳುವ ಛಾವಣಿ ಆಮೇಲೆ ನೋಡಿದರಾಯಿತು.

ಚಾಲಕ ತನಗೆ ಬೇಕಾದಂತೆ ಮುಂದಿನ ಸೀಟು ಹೊಂದಿಸಿಕೊಳ್ಳಲಿ. ಅವನ ಹಿಂದೆ ನಡುವಿನ ಸಾಲಿನವರು ಕೂರಲಿ, ಅವರ ಹಿಂದೆ ಮೂರನೇ ಸಾಲಿನವರು. ಈ ಕ್ರಮ ತಪ್ಪಿದರೆ ಪರೀಕ್ಷೆ ಸುಳ್ಳಾಗುತ್ತದೆ. ಖಾಲಿ ಕಾರಿನಲ್ಲಿ ಎಲ್ಲ ಸಾಲೂ ವಿಶಾಲವೇ.

ಮೂರನೇ ಸಾಲಿನಲ್ಲಿ ಕುಳಿತವರು ಇಪ್ಪತ್ತು ನಿಮಿಷ ಇಳಿಯಬಾರದು. ಮಂಡಿಗೂ ಮುಂದಿನ ಸೀಟಿಗೂ ನಡುವೆ ನಾಲ್ಕು ಬೆರಳು ಹಿಡಿಸುತ್ತದೆಯೇ? ತಲೆಗೂ ಛಾವಣಿಗೂ ನಡುವೆ ಮುಷ್ಟಿ ಹಿಡಿಸುತ್ತದೆಯೇ? ತೊಡೆಯ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಓಡಾಡಿದರೆ ತೊಡೆಗೆ ಆಧಾರವಿಲ್ಲ ಎಂದರ್ಥ. ಸಾಧ್ಯವಾದರೆ ಹಂಪುಗಳಿರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಏಳು ಜನ ಕೂತ ಮೇಲೆ ಏಳು ಜನರ ಬ್ಯಾಗಿಗೆ ಜಾಗ ಎಲ್ಲಿ ಎಂದೂ ಕೇಳಿ. ಕಾಲ ಬುಡದಲ್ಲಿ ಇಟ್ಟ ಬ್ಯಾಗು ಕಾಲಿನ ಜಾಗವನ್ನೇ ನುಂಗುತ್ತದೆ.

ಯಾರು ಎಲ್ಲಿ ಕೂರಬೇಕು?

ಚಾಲಕನ ಪಕ್ಕದ ಸೀಟು ಅಥವಾ ನಡುವಿನ ಸಾಲಿನ ಎಡಗಿಟಕಿ ಮನೆಯ ಹಿರಿಯರಿಗೆ. ಎಡಬದಿಯಾದರೆ ರಸ್ತೆಯಂಚಿನಲ್ಲಿ ಇಳಿಯುವುದೂ ಕ್ಷೇಮ. ಗರ್ಭಿಣಿಯರು, ಎಳೆಮಕ್ಕಳು ನಡುವಿನ ಸಾಲಿನಲ್ಲಿ. ಮೂರನೇ ಸಾಲು ಮನೆಯ ಗಟ್ಟಿಮುಟ್ಟಾದ ಹರೆಯದವರಿಗೆ. ಪ್ರತಿ ನಿಲುಗಡೆಯಲ್ಲೂ ಸರದಿ ಬದಲಾಗಲಿ. ಮಧುಮೇಹ ಇರುವವರು ಊಟದ ಹೊತ್ತು ತಪ್ಪಿಸಬಾರದು. ಸಕ್ಕರೆ ಮಿಠಾಯಿ ಕೈಗೆಟುಕುವಲ್ಲಿರಲಿ. ಮುಖ್ಯವಾಗಿ, ಎರಡು ಗಂಟೆಗೊಮ್ಮೆ ಕಾರು ನಿಲ್ಲುತ್ತದೆ ಎಂದು ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಿ. ಆಗ ಯಾರೂ ಸಂಕೋಚದಿಂದ ನೀರು ಬಿಡುವುದಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರು ಜಾಗ ಕೇಳುವುದಿಲ್ಲ. 'ನನಗೆಲ್ಲಾದರೂ ಆದೀತು' ಎನ್ನುತ್ತಾರೆ, ತಾವೇ ಮೂಲೆಗೆ ಸರಿಯುತ್ತಾರೆ. ಅವರ ಬಾಯಿಂದ ಕೇಳಿಸಿಕೊಂಡ ಮೇಲೆ ನಾವು ಸುಮ್ಮನಾಗುತ್ತೇವೆ. ಸೀಟಿನ ಅಳತೆ ತೆಗೆಯುವುದು ಸುಲಭ, ಈ ಸಂಕೋಚದ ಅಳತೆ ತೆಗೆಯುವುದು ಕಷ್ಟ.

ಆ ತಾಯಿ ಮೊನ್ನೆ ತಪಾಸಣೆಗೆ ಬಂದಿದ್ದರು. ಮುಂದಿನ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಮತ್ತೆ ಪ್ರಯಾಣವಂತೆ. "ಈ ಸಲ ಎಲ್ಲಿ ಕೂರುತ್ತೀರಿ ಅಮ್ಮ?" ಎಂದು ಕೇಳಿದೆ. "ಮುಂದೆ, ಡ್ರೈವರ್ ಪಕ್ಕ" ಎಂದು ನಕ್ಕರು. ಮಗ ಹಿಂದಿನಿಂದ ಸೇರಿಸಿದ: "ನಾನು ಕೊನೇ ಸಾಲಿನಲ್ಲಿ ಸಾರ್. ತಮ್ಮ ಓಡಿಸ್ತಾನೆ."